ಹಾಕಿದ ಬಾಗಿಲು ತೆಗೆದಿದೆ ಅನ್ನುವ ಕಾರು

"ನಾಲ್ಕೂ ಬಾಗಿಲು ಗಟ್ಟಿಯಾಗಿ ಹಾಕಿದ್ದೀನಮ್ಮ, ಆದ್ರೂ ಮೀಟರಿನಲ್ಲಿ ಬಾಗಿಲು ತೆಗೆದಿರೋ ಆ ಕೆಂಪು ಚಿತ್ರ ಹೋಗ್ತಾನೇ ಇಲ್ಲ. ರಿಮೋಟ್ ಒತ್ತಿದ್ರೆ ಲಾಕ್ ಬಿದ್ದಂಗೆ ಆಗಿ ಮತ್ತೆ ತೆಗೆದುಕೊಳ್ಳುತ್ತೆ," ಅಂದರು ಪಕ್ಕದ ಮನೆ ಮೇಷ್ಟ್ರು, ಕಾಂಪೌಂಡಿನ ಆ ಕಡೆಯಿಂದ. ಸರ್ವಿಸ್ ಸೆಂಟರಿಗೆ ತೋರಿಸಿದ್ದಾರೆ. ಲಾಕ್ ಸೆಟ್ಟೇ ಬದಲಾಯಿಸಬೇಕು ಅಂದರಂತೆ. ಯಾವ ಬಾಗಿಲಿನದು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲವಂತೆ. ಬೀದಿ ತುದಿಯ ಗ್ಯಾರೇಜಿನ ಹುಡುಗ ಸುಲಭದ ದಾರಿ ಹೇಳಿದ್ದಾನೆ: "ಆ ಸೆನ್ಸರಿನ ವೈರೇ ಕಟ್ ಮಾಡಿಬಿಡೋಣ ಸಾರ್, ಲೈಟೂ ಇರಲ್ಲ, ತಲೆನೋವೂ ಇರಲ್ಲ."

"ಎರಡೂ ಬೇಡ ಮೇಷ್ಟ್ರೇ," ಅಂದೆ. "ಕತ್ತಲಾಗ್ಲಿ, ನಾನೇ ಬರ್ತೀನಿ. ಯಾವ ಬಾಗಿಲು ಅಂತ ಮೊದಲು ಹಿಡಿಯೋಣ."

ಈ ವಿಷಯದಲ್ಲಿ ನನಗೆ ಹಟ ಜಾಸ್ತಿ. ಬಾಗಿಲಿನ ಸೆನ್ಸರ್ ಕೆಟ್ಟರೆ ಕಾರು ನಿಲ್ಲುವುದಿಲ್ಲ, ಬ್ರೇಕ್ ಹೋಗುವುದಿಲ್ಲ; ಹಾಗಾಗಿ ಯಾರೂ ಅದನ್ನು ರಿಪೇರಿ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕಾರಿನ ಬಾಗಿಲು ಎರಡು ಹಂತದಲ್ಲಿ ಕಚ್ಚಿಕೊಳ್ಳುತ್ತದೆ. ಮೊದಲ ಕಚ್ಚಿನಲ್ಲೇ ನಿಂತ ಬಾಗಿಲು ಹೊರಗಿನಿಂದ ನೋಡಿದರೆ ಹಾಕಿದ ಹಾಗೇ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಮಗು ಕೂತಿದ್ದಾಗ, ಅದೇ ಬಾಗಿಲಿಗೆ ಒರಗಿದ್ದಾಗ, ಅರ್ಧ ಕಚ್ಚಿದ ಬಾಗಿಲನ್ನು ಡ್ರೈವರಿಗೆ ಹೇಳುವುದು ಆ ಕೆಂಪು ಚಿತ್ರ ಒಂದೇ. ಚೈಲ್ಡ್ ಲಾಕ್ ಹಾಕಿದ್ದೀವಲ್ಲ ಅನ್ನುತ್ತಾರೆ. ಚೈಲ್ಡ್ ಲಾಕ್ ಒಳಗಿನ ಹಿಡಿ ಕೆಲಸ ಮಾಡದ ಹಾಗೆ ತಡೆಯುತ್ತದೆ, ಅಷ್ಟೇ. ಸರಿಯಾಗಿ ಬೀಳದ ಬಾಗಿಲನ್ನು ಅದು ಬೀಳಿಸುವುದಿಲ್ಲ. ಈಗಿನ ಕಾರುಗಳಲ್ಲಿ ಎಲ್ಲದಕ್ಕೂ ಸದ್ದು. 2019ರ ಜುಲೈ 1ರಿಂದ ಸೀಟ್ ಬೆಲ್ಟಿಗೆ, ವೇಗಕ್ಕೆ, ರಿವರ್ಸಿಗೆ ಎಲ್ಲಕ್ಕೂ ಎಚ್ಚರಿಕೆಯ ಸದ್ದು ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಕೂಗು ಹೆಚ್ಚಾದಷ್ಟೂ ಕಿವಿ ಒಗ್ಗಿಹೋಗುತ್ತದೆ. ಸುಳ್ಳು ಕೂಗುವ ಸೆನ್ಸರನ್ನು ಹಾಗೇ ಬಿಟ್ಟರೆ ನಿಜವಾಗಿ ಕೂಗಿದ ದಿನವೂ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಬ್ಯಾಟರಿ. ಬಾಗಿಲು ತೆಗೆದಿದೆ ಅಂತ ಸೆನ್ಸರ್ ಹೇಳುತ್ತಲೇ ಇದ್ದರೆ ಒಳಗಿನ ಲೈಟೂ ಉರಿಯುತ್ತಲೇ ಇರಬಹುದು. ಮೇಲಿನ ರೂಫ್ ಲೈಟು 5 ವ್ಯಾಟಿನದು ಅಂದುಕೊಳ್ಳಿ. 12 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 0.4 ಆಂಪಿಯರ್. ಚಿಕ್ಕ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಕಾಗದದ ಮೇಲೆ 80 ಗಂಟೆಗೂ ಹೆಚ್ಚು ಬಾಳಬೇಕು. ಆದರೆ ಸ್ಟಾರ್ಟರ್ ತಿರುಗಬೇಕಾದರೆ ಬ್ಯಾಟರಿಯಲ್ಲಿ ಬಲ ಉಳಿದಿರಬೇಕಲ್ಲ? ಹಳೆಯ ಬ್ಯಾಟರಿಯಾದರೆ ಎರಡನೇ ಬೆಳಗ್ಗೆಯೇ ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್.

ಬೆಂಗಳೂರಿನ ನಮ್ಮ ಕಡೆ ಬಾಗಿಲಿನ ಸೆನ್ಸರಿನ ಈ ತೊಂದರೆ ಇನ್ನೂ ಜಾಸ್ತಿ ಕಾಡುತ್ತದೆ ಅನ್ನುವುದು ನನ್ನ ಅನಿಸಿಕೆ. ಮೆಟ್ರೊ ಇರುವುದರಿಂದ ಕಾರು ಹೊರಗೆ ತೆಗೆಯುವುದೇ ಕಡಿಮೆ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೇ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಗೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ತುಂಡೂ ಸೇರಿದ ಮೇಲೆ ವೈಟ್‌ಫೀಲ್ಡಿನವರೆಗೆ ಒಂದೇ ರೈಲು. ಮೇಷ್ಟ್ರ ಮಗ ಕೆಲಸಕ್ಕೆ ಹೋಗುವುದೂ ಅದರಲ್ಲೇ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಆ ರೈಲಿನ ಬೆಲೆ ಗೊತ್ತು. ಆದರೆ ಕಾರು ಮನೆಮುಂದೆ ವಾರಗಟ್ಟಲೆ ಮಳೆಮರದ ಕೆಳಗೆ ನಿಂತೇ ಇರುತ್ತದೆ. ನಿಂತ ಕಾರಿನಲ್ಲಿ ಲಾಕಿನ ಗ್ರೀಸ್ ಗಟ್ಟಿಯಾಗುತ್ತದೆ, ಒಳಗೆ ತೇವ ನಿಲ್ಲುತ್ತದೆ, ಮೇಲಿನಿಂದ ಎಲೆ ಉದುರುತ್ತಲೇ ಇರುತ್ತದೆ. ಎಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ರಾತ್ರಿ ಊಟ ಮುಗಿಸಿ ಟಾರ್ಚ್, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿದುಕೊಂಡು ಹೋದೆ. ಕತ್ತಲೆ ಬೇಕಾದದ್ದು ರೂಫ್ ಲೈಟು ಚೆನ್ನಾಗಿ ಕಾಣಲಿ ಅಂತ. ಬಾಗಿಲು ಹಾಕಿದ ಕೂಡಲೇ ಲೈಟು ಆರಲಿಲ್ಲ ಅಂತ ಗಾಬರಿಯಾಗಬಾರದು. ಎಷ್ಟೋ ಕಾರುಗಳಲ್ಲಿ ಅದು ಅರ್ಧ ನಿಮಿಷ ಉರಿದು ನಿಧಾನಕ್ಕೆ ಆರುತ್ತದೆ. ಹಳೆ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದವರ ಕಾರಿನಲ್ಲಿ ಎಲ್ಲ ಸರಿಯಿದ್ದರೂ ಒಂದು ಮಂಕು ಬೆಳಕು ಉಳಿಯುವುದುಂಟು. ಅದನ್ನು ಸೆನ್ಸರಿನ ತಲೆಗೆ ಕಟ್ಟಬೇಡಿ. ಡಿಕ್ಕಿಯನ್ನೂ ಮರೆಯಬಾರದು. ಬಾಗಿಲು ನಾಲ್ಕೇ ಅಂತ ಹುಡುಕುತ್ತಾ ಕೂತವರಿಗೆ ಐದನೆಯದು ಡಿಕ್ಕಿ ಅನ್ನುವುದು ಹೊಳೆಯುವುದೇ ಇಲ್ಲ.

ಮೊದಲು ನೋಡಬೇಕಾದದ್ದು ಸ್ವಿಚ್ಚು ಎಲ್ಲಿದೆ ಅಂತ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಕಾಲದ ಕಾರುಗಳಲ್ಲಿ, ಆಮೇಲೂ ಬಹಳ ವರ್ಷ ಅಗ್ಗದ ಕಾರುಗಳಲ್ಲಿ, ಬಾಗಿಲು ಬಂದು ಕೂರುವ ಪಿಲ್ಲರಿನ ಮೇಲೆ ರಬ್ಬರ್ ಟೋಪಿ ಹಾಕಿದ ಒಂದು ಗುಂಡಿ ಇರುತ್ತದೆ. ಬಾಗಿಲು ತೆಗೆದರೆ ಸ್ಪ್ರಿಂಗ್ ಅದನ್ನು ಹೊರಗೆ ತಳ್ಳುತ್ತದೆ, ಒಳಗೆ ಎರಡು ತಗಡು ಕೂಡಿ ಲೈಟು ಹತ್ತುತ್ತದೆ. ವೈರು ಒಂದೇ, ವಾಪಸು ದಾರಿ ಕಾರಿನ ಮೈಯೇ, ಸ್ವಿಚ್ಚನ್ನು ಹಿಡಿದಿರುವ ಸ್ಕ್ರೂ ಮೂಲಕ. ಇಂಥ ಕಾರಾದರೆ ಕೆಲಸ ಬಲು ಸುಲಭ. ಬೆರಳಿನಲ್ಲಿ ಒಂದೊಂದೇ ಗುಂಡಿ ಒತ್ತಿ ನೋಡಿ. ರಬ್ಬರ್ ಟೋಪಿ ಬಿರುಕು ಬಿಟ್ಟು ನೀರು ಇಳಿದಿದ್ದರೆ ಗುಂಡಿ ಒಳಗೇ ಕಚ್ಚಿಕೊಂಡು ಬಾಗಿಲು ತೆಗೆದರೂ ಲೈಟು ಹತ್ತುವುದಿಲ್ಲ, ಇಲ್ಲವೇ ತುಕ್ಕು ಹಿಡಿದು ಶಾರ್ಟ್ ಆಗಿ ಲೈಟು ಆರುವುದೇ ಇಲ್ಲ. ವೈರು ಕಳಚಿದ ಕೂಡಲೇ ಲೈಟು ಆರಿದರೆ ತಪ್ಪು ಸ್ವಿಚ್ಚಿನದು; ಕಳಚಿದರೂ ಉರಿಯುತ್ತಿದ್ದರೆ ಬೇರೆ ಬಾಗಿಲಿನದು, ಇಲ್ಲವೇ ವೈರು ಒಳಗೆಲ್ಲೋ ಕಾರಿನ ಮೈಗೆ ತಗುಲಿದೆ. ಒಂದು ಮಾತು: ಸ್ವಿಚ್ಚನ್ನು ಹೊರಗೆಳೆದು ವೈರು ಕಳಚುವ ಮುಂಚೆ ಆ ವೈರಿಗೊಂದು ದಾರ ಕಟ್ಟಿ. ಕೈಬಿಟ್ಟರೆ ಅದು ಪಿಲ್ಲರಿನ ತೂತಿನೊಳಗೆ ಜಾರಿ ಹೋಗುತ್ತದೆ, ಆಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನೆಲ್ಲ ಕಿತ್ತು ಹುಡುಕಬೇಕು.

ಮೇಷ್ಟ್ರ ಕಾರಿನ ಪಿಲ್ಲರಿನಲ್ಲಿ ಗುಂಡಿ ಇಲ್ಲ. ಅಂದರೆ ಸ್ವಿಚ್ಚು ಬಾಗಿಲಿನ ಲಾಕಿನ ಒಳಗೇ ಇದೆ. ಸರ್ವಿಸ್ ಸೆಂಟರಿನವರು ಇಡೀ ಲಾಕ್ ಬದಲಾಯಿಸಬೇಕು ಅನ್ನುವುದು ಇದಕ್ಕೇ. ಆ ಪುಟ್ಟ ಸ್ವಿಚ್ಚು ಬಿಡಿಯಾಗಿ ಬರುವುದಿಲ್ಲ.

ಲಾಕಿನ ಪರೀಕ್ಷೆ ಹೀಗೆ. ಬಾಗಿಲು ಪೂರ್ತಿ ತೆಗೆದಿಟ್ಟು, ಅದರ ಅಂಚಿನಲ್ಲಿರುವ ಕೊಕ್ಕೆಯನ್ನು ಸ್ಕ್ರೂಡ್ರೈವರಿನ ಸರಳಿನಿಂದ ಒಳಕ್ಕೆ ತಳ್ಳಬೇಕು. ಕಟಕ್ ಅಂತ ಒಂದು ಸಲ, ಇನ್ನೊಂದು ಸಲ. ಬಾಗಿಲು ತೆಗೆದೇ ಇದ್ದರೂ ಲಾಕಿಗೆ ಈಗ ತಾನು ಮುಚ್ಚಿದ್ದೇನೆ ಅನ್ನುವ ಲೆಕ್ಕ. ಉಳಿದ ಬಾಗಿಲುಗಳೆಲ್ಲ ಹಾಕಿದ್ದು ಚೆನ್ನಾಗಿದ್ದರೆ ಕೆಂಪು ಚಿತ್ರ ಹೋಗಬೇಕು. ಹೋಯಿತು ಅಂದರೆ ಲಾಕು ಸರಿಯಿದೆ, ಬಾಗಿಲೇ ಪೂರ್ತಿ ಕೂರುತ್ತಿಲ್ಲ. ಪಿಲ್ಲರಿನ ಕಡೆ ಕೊಕ್ಕೆ ಕಚ್ಚಿಕೊಳ್ಳುವ ಬಳೆಯನ್ನು ಸ್ವಲ್ಪ ಸರಿಸಿ ಬಿಗಿಯಬೇಕು ಅಥವಾ ಮಡಿಸಿಕೊಂಡ ಬೀಡಿಂಗ್ ರಬ್ಬರ್ ಸರಿ ಮಾಡಬೇಕು. ಹೋಗಲಿಲ್ಲ ಅಂದರೆ ಸ್ವಿಚ್ಚನ್ನೋ ವೈರನ್ನೋ ಅನುಮಾನಿಸಬೇಕು. ಪರೀಕ್ಷೆ ಆದ ಮೇಲೆ ಬಾಗಿಲಿನ ಹಿಡಿ ಎತ್ತಿ ಕೊಕ್ಕೆಯನ್ನು ಬಿಡಿಸಲೇಬೇಕು. ಹಾಗೇ ಬಾಗಿಲು ತಳ್ಳಿದರೆ ಮುಚ್ಚಿದ ಕೊಕ್ಕೆ ಹೋಗಿ ಬಳೆಗೆ ಬಡಿದು ಲಾಕೇ ಹಾಳಾಗುತ್ತದೆ.

ಮೇಷ್ಟ್ರು ಒಳಗೆ ಕೂತು ಮೀಟರ್ ನೋಡುತ್ತಿದ್ದರು, ನಾನು ಹೊರಗೆ ಒಂದೊಂದೇ ಬಾಗಿಲಿನ ಕೊಕ್ಕೆ ತಿರುಗಿಸುತ್ತಾ ಬಂದೆ. "ಇದೆ... ಇದೆ... ಇನ್ನೂ ಇದೆ ನೋಡಮ್ಮ." ಹಿಂದಿನ ಎಡಬಾಗಿಲಿನ ಕೊಕ್ಕೆ ಉಳಿದವುಗಳ ಹಾಗೆ ಚುರುಕಾಗಿ ತಿರುಗಲಿಲ್ಲ, ಮರಳು ಸಿಕ್ಕ ಹಾಗೆ ಕರಕರ ಅಂದಿತು. ಆ ಸದ್ದಿನಲ್ಲೇ ನನಗೆ ಅರ್ಧ ಗೊತ್ತಾಯಿತು. ಕಾಂಟ್ಯಾಕ್ಟ್ ಕ್ಲೀನರಿನ ಉದ್ದ ಕೊಳವೆಯನ್ನು ಕೊಕ್ಕೆಯ ಸಂದಿಗೆ ಇಟ್ಟು ಹೊಡೆದೆ. ಕಂದು ನೀರು ಸುರಿಯಿತು. ಕೊಕ್ಕೆಯನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು, ಇನ್ನೊಮ್ಮೆ ಹೊಡೆದು, ಸ್ವಲ್ಪ ಹೊತ್ತು ಕಾದು ಮತ್ತೆ ತಿರುಗಿಸಿದೆ. ಈ ಸಲ ಎರಡೂ ಕಟಕ್ ಸ್ಪಷ್ಟವಾಗಿ ಕೇಳಿಸಿತು. ಒಳಗಿನಿಂದ ಮೇಷ್ಟ್ರು "ಹೋಯ್ತು! ಹೋಯ್ತು!" ಅಂತ ಕೂಗಿದ್ದು ಎದುರು ಮನೆಯವರಿಗೂ ಕೇಳಿಸಿರಬೇಕು. ಕಾರು ತೆಗೆದಾಗಲೆಲ್ಲ ಮೇಷ್ಟ್ರ ಮೊಮ್ಮಗಳು ಕೂರುವುದು ಅದೇ ಬಾಗಿಲಿನ ಪಕ್ಕ.

ಆದರೆ ಇಷ್ಟಕ್ಕೇ ಬಿಟ್ಟರೆ ಮತ್ತೆ ಕೆಡುತ್ತದೆ. ಲಾಕಿನೊಳಗೆ ನೀರು ಬಂದದ್ದು ಎಲ್ಲಿಂದ? ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಕಿವಿಗೊಟ್ಟೆ, ಒಳಗೆ ಗುಳುಗುಳು. ಪ್ರತಿ ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜ, ಆ ತೂತಿನಿಂದ ಹೊರಗೆ ಹೋಗಬೇಕು. ಇಂದಿರಾನಗರ, ಹಲಸೂರಿನ ಹಳೆ ಬೀದಿಗಳ ಮಳೆಮರದ ಎಲೆ ಬಲು ಚಿಕ್ಕದು. ಗಾಜಿನ ಹೊರಗಿನ ರಬ್ಬರ್ ಪಟ್ಟಿ ಬಿಸಿಲಿಗೆ ಒಣಗಿ ಗಟ್ಟಿಯಾದರೆ ಆ ಸಂದಿಯಲ್ಲಿ ಎಲೆ ಜಾರಿ ಒಳಗೆ ಬೀಳುತ್ತದೆ, ಕೊಳೆತು ತೂತು ಮುಚ್ಚುತ್ತದೆ. ಒಂದು ತಂತಿ ಹಾಕಿ ಮೆಲ್ಲಗೆ ತಿವಿದೆ. ಕಪ್ಪು ಗೊಬ್ಬರ ಬಂತು, ಹಿಂದೆಯೇ ನೀರು. ಬೆಳಗ್ಗೆ ಬಿಸಿಲಿಗೆ ಬಾಗಿಲು ತೆಗೆದಿಟ್ಟು ಒಣಗಿಸಿ, ಕೊಕ್ಕೆಗೆ ಮಾತ್ರ ಸ್ವಲ್ಪ ಗ್ರೀಸ್ ಹಚ್ಚಲು ಹೇಳಿದೆ. ಡಬ್ಲ್ಯುಡಿ-40 ಹೊಡೆದು ಬಿಟ್ಟರೆ ಸಾಲದು. ಅದು ತುಕ್ಕು ಬಿಡಿಸುತ್ತದೆ, ಗ್ರೀಸಿನ ಹಾಗೆ ನಿಲ್ಲುವುದಿಲ್ಲ.

ಲಾಕು ಸರಿಯಿದ್ದೂ ಕೆಂಪು ಚಿತ್ರ ಬಂದುಹೋಗಿ ಮಾಡುತ್ತಿದ್ದರೆ, ಹಳ್ಳಕ್ಕೆ ಇಳಿದಾಗ ಬಂದು ಆಮೇಲೆ ಹೋದರೆ, ಬಾಗಿಲಿಗೂ ಬಾಡಿಗೂ ನಡುವೆ ಇರುವ ಸುಕ್ಕುಸುಕ್ಕು ರಬ್ಬರ್ ಕೊಳವೆ ನೋಡಿ. ಪ್ರತಿ ಸಲ ಬಾಗಿಲು ತೆಗೆದಾಗ ಅದರೊಳಗಿನ ವೈರುಗಳು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ತಾಮ್ರ ಮುರಿದರೂ ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ, ಕಣ್ಣಿಗೆ ಏನೂ ಕಾಣದು. ರಬ್ಬರ್ ಸರಿಸಿ ಒಂದೊಂದೇ ವೈರನ್ನು ಮೃದುವಾಗಿ ಎಳೆಯಿರಿ. ಒಳಗೆ ಮುರಿದದ್ದು ರಬ್ಬರಿನ ಹಾಗೆ ಹಿಗ್ಗುತ್ತದೆ. ಡ್ರೈವರ್ ಬಾಗಿಲಿನಲ್ಲಿ ಇದು ಹೆಚ್ಚು, ಅದನ್ನೇ ಅಲ್ಲವೇ ನಾವು ಎಲ್ಲಕ್ಕಿಂತ ಜಾಸ್ತಿ ತೆಗೆಯುವುದು? ಹೊಸ ವೈರು ಸೇರಿಸುವುದಾದರೆ ಮೆದು ವೈರು ಹಾಕಿ, ಬೆಸುಗೆಯನ್ನು ಬಾಗುವ ಜಾಗದಲ್ಲಿ ಇಡಬೇಡಿ. ಬ್ಯಾಟರಿಯ ನೆಗೆಟಿವ್ ಕಳಚಿಯೇ ಕೈ ಹಾಕಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆ ಬೇಸ್‌ಮೆಂಟುಗಳಲ್ಲಿ ನೀರಲ್ಲಿ ನಿಂತ ಕಾರುಗಳಿದ್ದವಲ್ಲ, ಅಂಥ ಕಾರು ಸೆಕೆಂಡ್ ಹ್ಯಾಂಡ್ ಕೊಂಡವರು ಕನೆಕ್ಟರುಗಳನ್ನೆಲ್ಲ ಬಿಚ್ಚಿ ನೋಡಬೇಕು. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಸ್ವಿಚ್ಚು ಬದಲಾಯಿಸಿ ಪ್ರಯೋಜನವಿಲ್ಲ.

ಲಾಕು ನಿಜವಾಗಿ ಸತ್ತಿದ್ದರೆ? ಹೊಸದು ಸಾವಿರಗಳ ಲೆಕ್ಕ. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯವರಿಗೆ ಹಳೆ ಬಿಡಿಭಾಗ ಸಿಗುವ ಶಿವಾಜಿನಗರದ ಗುಜರಿ ಇದೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಬದಲು ಎಂ.ಜಿ. ರಸ್ತೆವರೆಗೆ ಮೆಟ್ರೊದಲ್ಲಿ ಹೋಗಿ, ಅಲ್ಲಿಂದ ಆಟೊ ಹಿಡಿಯಿರಿ. ಕನ್ನಡ, ತಮಿಳು, ದಖನಿ ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ನಿಮ್ಮ ಹಳೆ ಲಾಕನ್ನು ಕೈಯಲ್ಲೇ ಒಯ್ಯಿರಿ. ಎಡದ್ದು ಬಲಕ್ಕೆ ಕೂರುವುದಿಲ್ಲ, ಒಂದೇ ಮಾಡಲಿನಲ್ಲೂ ಕನೆಕ್ಟರಿನ ಪಿನ್ನುಗಳು ಬೇರೆಯಾಗಿರಬಹುದು. ದುಡ್ಡು ಕೊಡುವ ಮುಂಚೆ ಅಂಗಡಿಯ ಮುಂದೆಯೇ ಕೊಕ್ಕೆ ತಿರುಗಿಸಿ ಮಲ್ಟಿಮೀಟರ್ ಹಿಡಿದು ನೋಡಿ. ಕೊಕ್ಕೆ ಮುಚ್ಚಿದಾಗೊಂದು, ಬಿಟ್ಟಾಗೊಂದು ತೋರಿಸಬೇಕು. ಮಲ್ಟಿಮೀಟರ್ ಇಲ್ಲದವರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದರೆ ಕೆಲವೇ ನೂರು ರೂಪಾಯಿಗೆ ತರಬಹುದು.

ಮೇಷ್ಟ್ರ ಕಾರಿಗೆ ಹೊಸ ಲಾಕು ಬೇಕಾಗಲಿಲ್ಲ. ನಿಮ್ಮ ಕಾರಿನಲ್ಲಿ ಆ ಕೆಂಪು ಚಿತ್ರ ಹೊತ್ತಿಯೇ ಇದ್ದರೆ ಇವತ್ತು ರಾತ್ರಿಯೇ ಮನೆಯವರೊಬ್ಬರನ್ನು ಒಳಗೆ ಕೂರಿಸಿ, ಐದೂ ಬಾಗಿಲು ನೋಡಿ. ಮಳೆಗಾಲಕ್ಕೆ ಮುಂಚೆ ಬಾಗಿಲಿನ ಕೆಳಗಿನ ತೂತುಗಳನ್ನು ಬಿಡಿಸಿಕೊಳ್ಳಿ. ಯಾರು ಏನೇ ಹೇಳಲಿ, ಆ ವೈರನ್ನು ಮಾತ್ರ ಕತ್ತರಿಸಲು ಬಿಡಬೇಡಿ.