ಹುಳುಭೋಜನ ಮೀಮಾಂಸೆ: ಪ್ರಥಮ ಸಂಪುಟ

ರೇಷ್ಮೆಗೂಡಿನಲ್ಲಿ ಸೀರೆ ಎಷ್ಟು, ಸಾರು ಎಷ್ಟು ಎಂಬ ಮೂಲಭೂತ ಪ್ರಶ್ನೆಯನ್ನು ನಾಡಿನ ವಿದ್ವಾಂಸರು ಇದುವರೆಗೆ ಕೈಗೆತ್ತಿಕೊಂಡಿಲ್ಲ. ಈ ಪ್ರಬಂಧ ಹುಟ್ಟಿರುವುದೇ ಆ ಕೊರತೆ ನೀಗಲು. ತಕ್ಕಡಿಯೇ ಇಲ್ಲಿ ಪರಮ ಪ್ರಮಾಣ. ಹಸಿ ಗೂಡಿನ ತೂಕದಲ್ಲಿ ಐದಕ್ಕೆ ಸುಮಾರು ನಾಲ್ಕು ಪಾಲು ಒಳಗಿನ ಹುಳುವಿನದು. ರೇಷ್ಮೆಯ ಪಾಲು ಉಳಿದ ಒಂದೇ. ಆದ್ದರಿಂದ ರೇಷ್ಮೆ ಕೃಷಿಯು ವಸ್ತುತಃ ಮಾಂಸೋದ್ಯಮ, ಸೀರೆ ಅದರ ಉಪೋತ್ಪನ್ನ ಎಂಬುದು ನಮ್ಮ ಪ್ರತಿಜ್ಞೆ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ತೆಗೆಯುವ ಕರ್ನಾಟಕ ಈ ಲೆಕ್ಕದಲ್ಲಿ ಮಾಂಸದ ಮಹಾಕಣಜ, ರಾಮನಗರದ ಗೂಡಿನ ಮಾರುಕಟ್ಟೆ ಮಾಂಸದ ಸಂತೆ. ಹರಾಜಿಗೆ ಬಂದವರಿಗೆ ಇದು ಗೊತ್ತಿಲ್ಲ ಎಂಬುದರಿಂದ ಸಿದ್ಧಾಂತಕ್ಕೆ ಯಾವ ಬಾಧೆಯೂ ಇಲ್ಲ.

ಮೊದಲು ಪ್ರತ್ಯಕ್ಷ ಪ್ರಮಾಣ. ಚಾಕಿ ಹುಳು ಹಿಪ್ಪುನೇರಳೆ ಸೊಪ್ಪು ಮೇಯುತ್ತ, ನಾಲ್ಕು ಸಲ ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತು ಎದ್ದು, ತಿಂಗಳೊಳಗೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಮುಂದೆ ಗೂಡು ರೀಲರ್ ಮನೆಯ ಬಿಸಿನೀರಿಗೆ ಬೀಳುತ್ತದೆ. ಎಳೆಯೆಲ್ಲ ಬಿಚ್ಚಿ ರಾಟೆಗೆ ಸುತ್ತಿಕೊಂಡ ಮೇಲೆ ತೊಟ್ಟಿಯಲ್ಲಿ ಉಳಿಯುವುದು ಕಂದುಬಣ್ಣದ, ಸುಕ್ಕುಗಟ್ಟಿದ, ಬೆರಳ ತುದಿಯಷ್ಟು ದಪ್ಪದ ಕೋಶ. ಒಣಗಿಸಿ ನೋಡಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನು, ಕಾಲುಭಾಗದಷ್ಟು ಎಣ್ಣೆ. ಆ ಎಣ್ಣೆ ಬೇಗ ಕಮಟುವುದರಿಂದ ಏಳುವ ವಾಸನೆ ಎಂಥದೆಂದು ಶಿಡ್ಲಘಟ್ಟದ ಓಣಿಯಲ್ಲಿ ಒಮ್ಮೆ ಹಾದುಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ವಾಸನೆ ಘ್ರಾಣೇಂದ್ರಿಯದ ವಿಷಯ, ಪ್ರೋಟೀನು ಜಠರದ ವಿಷಯ. ಎರಡು ಇಲಾಖೆಗಳನ್ನು ಕಲಸಬಾರದು.

ಶಬ್ದಪ್ರಮಾಣಕ್ಕೆ ಅರಿಸ್ಟಾಟಲನೇ ಸಿಕ್ಕಿದ್ದಾನೆ. ಜೀರುಂಡೆಯ ಮರಿ ಚಿಪ್ಪು ಒಡೆದು ಹೊರಬರುವ ಮುಂಚೆ ಬಲು ರುಚಿ ಎಂದು ಆತ ಬರೆದಿಟ್ಟಿದ್ದಾನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೊರತಂದ ವರದಿ ಮನುಷ್ಯರು ತಿನ್ನುವ ಕೀಟಗಳು 1900ಕ್ಕೂ ಹೆಚ್ಚು ಜಾತಿ ಎನ್ನುತ್ತದೆ. ಅದೇ ವರದಿಯ ಲೆಕ್ಕದಲ್ಲಿ ದನದ ಮೈ ಒಂದು ಕಿಲೋ ಏರಲು 8 ಕಿಲೋ ಮೇವು ಬೇಕು, ಮಿಡತೆಯ ದಾಯಾದಿಯಾದ ಚಿಮ್ಮಂಡೆಗೆ 2 ಕಿಲೋ ಸಾಕು. ಥಾಯ್ಲೆಂಡಿನಲ್ಲಿ ಚಿಮ್ಮಂಡೆ ಸಾಕುವವರೇ ಆಗ ಸುಮಾರು 20,000 ಮಂದಿ ಇದ್ದರು. ಐರೋಪ್ಯ ಒಕ್ಕೂಟ 2021ರಲ್ಲಿ ಒಣಗಿಸಿದ ಹಿಟ್ಟುಹುಳುವಿಗೆ ಪಂಕ್ತಿಯಲ್ಲಿ ಎಲೆ ಹಾಕಿತು. 2024ರ ಜುಲೈನಲ್ಲಿ ಸಿಂಗಪುರ 16 ಜಾತಿಗಳಿಗೆ ಒಪ್ಪಿಗೆ ಕೊಟ್ಟಾಗ ಆ ಪಟ್ಟಿಯಲ್ಲಿ ರೇಷ್ಮೆಹುಳುವೂ ಇತ್ತು. ಕೊರಿಯಾದ ಬೀದಿಯಲ್ಲಂತೂ ಬೇಯಿಸಿದ ಕೋಶ ಕಾಗದದ ಲೋಟದಲ್ಲಿ ಬಿಸಿಬಿಸಿಯಾಗಿ ಸಿಗುತ್ತದೆ, ಅಂಗಡಿಯಲ್ಲಿ ಡಬ್ಬಿಯಲ್ಲೂ ಸಿಗುತ್ತದೆ. ಅಸ್ಸಾಮಿನಲ್ಲಿ ಎರಿ ಹುಳು ಸಾಕುವವರಿಗೆ ನೂಲಿನಷ್ಟೇ ಕೋಶದ ಮೇಲೂ ಕಣ್ಣು. ನಮ್ಮ ಪ್ರತಿಜ್ಞೆಯನ್ನು ಅವರು ಸಂಶೋಧನೆಯಿಲ್ಲದೆಯೇ ಪಾಲಿಸಿಕೊಂಡು ಬಂದಿದ್ದಾರೆ.

ಈಗ ಪೂರ್ವಪಕ್ಷ. ಅದು ಒಂದೇ ಅಕ್ಷರದ್ದು: ಥೂ.

ಸಮಾಧಾನ ಅಷ್ಟು ಚಿಕ್ಕದಲ್ಲ. ಮಲೆನಾಡಿನಲ್ಲಿ ಮರದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಕೊಡವಿ ತಂದು, ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅರೆದರೆ ಚಿಗಳಿ ಚಟ್ನಿ. ನೆಗಡಿಗೆ ಮದ್ದೆಂದು ಹೆಸರೂ ಉಂಟು. ಇದೇ ಇರುವೆಯ ಚಟ್ನಿಗೆ ಒಡಿಶಾದ ಮಯೂರ್‌ಭಂಜ್‌ನವರು ಭೌಗೋಳಿಕ ಸೂಚ್ಯಂಕವನ್ನೇ ಪಡೆದರು, ನಾವು ನೆಗಡಿ ವಾಸಿಮಾಡಿಕೊಂಡು ಸುಮ್ಮನಾದೆವು. ಮೊದಲ ಮಳೆಗೆ ಹುತ್ತದಿಂದೇಳುವ ಈಸಲು ಹುಳುವನ್ನು ದೀಪ ತೋರಿಸಿ ಹಿಡಿದು, ಹುರಿದು ತಿಂದ ಅಜ್ಜಂದಿರೂ ಇದ್ದಾರೆ. ಶುದ್ಧ ಸಸ್ಯಾಹಾರಿಯ ಬಾಯಲ್ಲಿ ಮಿನುಗುವ ಮಿಠಾಯಿಯ ಹೊಳಪೂ ಕೆಲವೊಮ್ಮೆ ಅರಗಿನ ಹುಳುವಿನ ಕೃಪೆಯೇ.

ಎಲ್ಲಕ್ಕಿಂತ ಬಲವಾದ ಯುಕ್ತಿ ಮಡಿಯದು. ಸಾವಿರಾರು ಹುಳುಗಳನ್ನು ಜೀವಂತ ಬೇಯಿಸಿ ತೆಗೆದ ಸೀರೆ ಉಟ್ಟರೆ ಮಡಿ, ನಾರುಮಡಿಗಿಂತ ಒಂದು ಕೈ ಅನುಕೂಲದ ಮಡಿ. ಹಾಗೆ ಬೆಂದ ಹುಳು ತಟ್ಟೆಗೆ ಬಂದರೆ ಮಾತ್ರ ಮೈಲಿಗೆ. ಒಂದೇ ನೀರಿನಲ್ಲಿ ಮಿಂದೆದ್ದ ಚಿಪ್ಪಿಗೂ ಒಡಲಿಗೂ ಈ ಭೇದ ಎಲ್ಲಿಂದ ಬಂತೆಂದು ಕೇಳಿದಾಗ ಪೂರ್ವಪಕ್ಷಿಯು ಸೆರಗು ಸರಿಮಾಡಿಕೊಂಡರೆಂದು ದಾಖಲಿಸಲಾಗಿದೆ.

ಅಪವಾದಗಳನ್ನು ಮುಚ್ಚಿಡುವುದು ಶಾಸ್ತ್ರಕ್ಕೆ ತರವಲ್ಲ. ಸೀಗಡಿ, ಏಡಿ ತಿಂದರೆ ಮೈಮೇಲೆ ದದ್ದೇಳುವವರಿಗೆ ಹುಳುವಿನಿಂದಲೂ ಏಳಬಹುದು, ಮೂರೂ ಸಂಧಿಪದಿಗಳೇ. ನೂಲು ಬಿಚ್ಚಿದ ಕೋಶವನ್ನು ಕೂಡಲೇ ಒಣಗಿಸದಿದ್ದರೆ ಕೆಡುತ್ತದೆ. ಸೊಪ್ಪಿಗೆ ಹೊಡೆದ ಔಷಧಿಯ ಪರೀಕ್ಷೆಯೂ ಆಗಬೇಕು.

ಸದ್ಯಕ್ಕೆ ರೀಲರುಗಳು ಕೋಶವನ್ನು ಮೂಟೆ ಲೆಕ್ಕದಲ್ಲಿ ಮಾರುತ್ತಾರೆ. ಎಣ್ಣೆ ಹಿಂಡಿದ ಮೇಲೆ ಹಿಂಡಿ ಮೀನಿನ ಕೆರೆಗೂ ಕೋಳಿಯ ಮೇವಿಗೂ ಹೋಗುತ್ತದೆ. ಕೋಳಿ ಪೂರ್ವಪಕ್ಷ ಎತ್ತುವುದಿಲ್ಲ, ತಿಂದು ಮೊಟ್ಟೆಯಿಡುತ್ತದೆ. ಹೀಗಾಗಿ ಆಮ್ಲೆಟ್ ತಿನ್ನುವ ಪೂರ್ವಪಕ್ಷಿಗಳು ತಮಗರಿವಿಲ್ಲದೆ ಸಿದ್ಧಾಂತಿಗಳ ಪಂಕ್ತಿಯಲ್ಲಿ ಕೂತಿರುವ ಸಂಭವವುಂಟು. ಮೊಟ್ಟೆಯನ್ನೂ ಮುಟ್ಟದವರ ವಿಚಾರವನ್ನು ದ್ವಿತೀಯ ಸಂಪುಟಕ್ಕೆ ಬಿಡಲಾಗಿದೆ.