ಆಷಾಢದಲ್ಲಿ ಮನೆ ನೋಡಬೇಕು

ಬೆಂಗಳೂರಿನಲ್ಲಿ ಹಳೆ ಮನೆ ಮಾರುವವರ ಪರವಾಗಿ ಪಂಚಾಂಗವೇ ಕೆಲಸ ಮಾಡುತ್ತದೆ ಎಂಬುದು ನನ್ನ ಬಲವಾದ ಗುಮಾನಿ. ಆಷಾಢದಲ್ಲಿ ಯಾರೂ ಮನೆ ನೋಡಲು ಹೊರಡುವುದಿಲ್ಲ. ಪಿತೃಪಕ್ಷದಲ್ಲಂತೂ ಆ ಮಾತೇ ಎತ್ತುವಂತಿಲ್ಲ. ಆಷಾಢವೆಂದರೆ ಮುಂಗಾರು, ಪಿತೃಪಕ್ಷ ಬರುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ, ಈ ಊರಿಗೆ ವರ್ಷದಲ್ಲೇ ಹೆಚ್ಚು ಮಳೆ ಹುಯ್ಯುವ ಹೊತ್ತಿಗೆ. ಸೂರು ತನ್ನ ನಿಜ ಬಾಯಿಬಿಡುವ ಎರಡು ಕಾಲದಲ್ಲೂ ಕೊಳ್ಳುವವರು ತಮ್ಮ ಮನೆಯಲ್ಲಿ ಬೆಚ್ಚಗೆ ಕೂತಿರುತ್ತಾರೆ. ಯುಗಾದಿ ಕಳೆದು, ಬಿರುಬಿಸಿಲಲ್ಲಿ, ಆಗಷ್ಟೇ ಬಣ್ಣ ಬಳಿದ ಗೋಡೆಯ ಮುಂದೆ ನಿಂತು "ಪರವಾಗಿಲ್ಲ, ಗಟ್ಟಿಯಾಗಿದೆ" ಎನ್ನುತ್ತಾರೆ. ಮಾರುವ ಮನೆಗೆ ಹೊಸ ಬಣ್ಣ ಕಂಡರೆ ನನಗೆ ಮೊದಲು ಬರುವ ಪ್ರಶ್ನೆ, ಅದರ ಕೆಳಗೇನಿದೆ ಎಂದು.

ನನ್ನ ಭಾವಮೈದುನನಿಗೆ ಈಗ ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಬಿಡುವ ಹುಚ್ಚು. 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಸವನಗುಡಿಯ ಕಡೆ ಒಂದು ಮನೆ ಸಿಕ್ಕಿತು. ವಕೀಲರು ಮೂಲಪತ್ರ, ಖಾತೆ, 30 ವರ್ಷದ ಇ.ಸಿ. ಎಲ್ಲವನ್ನೂ ಜರಡಿ ಹಿಡಿದರು. ಇ.ಸಿ.ಯಲ್ಲಿ ಮನೆಯ ಮೇಲಿನ ಸಾಲ ಕಾಣುತ್ತದೆ, ಸೋರಿಕೆ ಕಾಣುವುದಿಲ್ಲ. ವಾಸ್ತು ನೋಡುವವರು ಮೊಬೈಲಿನ ದಿಕ್ಸೂಚಿ ಹಿಡಿದು ಅಡುಗೆಮನೆಯಲ್ಲಿ ಗಿರಗಿರ ತಿರುಗಿದರು. ತಾರಸಿಗೆ ಮಾತ್ರ ಯಾರೂ ಹತ್ತಲಿಲ್ಲ.

ಹತ್ತಿದವನು ಮೇಸ್ತ್ರಿ. ಇಳಿದು ಬಂದವನೇ ಗೋಡೆಗೆ ಕಿವಿಯಿಟ್ಟು ಬೆರಳಗೆಣ್ಣಿನಿಂದ ಕುಟ್ಟುತ್ತ ಹೋದ. ಟಕ್ ಟಕ್ ಎನ್ನುತ್ತಿದ್ದದ್ದು ಕಿಟಕಿಯ ಪಕ್ಕ ಬೊದ್ ಎಂದಿತು. "ಪೊಳ್ಳು ಸಾರ್." ಅದು ಮದ್ರಾಸ್ ತಾರಸಿಯ ಮನೆ: ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದು. ಸುಣ್ಣ ನೆನೆದರೂ ಒಣಗುತ್ತದೆ. ನಡುವೆ ಯಾರೋ ಪುಣ್ಯಾತ್ಮರು ಮೇಲೆ ಸಿಮೆಂಟ್ ಬಳಿದಿದ್ದಾರೆ. ಬಿರುಕಿನಲ್ಲಿ ಇಳಿದ ನೀರಿಗೆ ಹೊರಗೆ ದಾರಿಯಿಲ್ಲ. ಗೋಡೆಯೊಳಗೆ ಹೂತಿದ್ದ ತೊಲೆಯ ತುದಿಗೆ ಅವನು ಸ್ಕ್ರೂಡ್ರೈವರ್ ಒತ್ತಿದ. ಅರ್ಧಕ್ಕರ್ಧ ಒಳಗೆ ಹೋಯಿತು.

"ಎಷ್ಟಾಗಬಹುದು?"

"ಒಡೆದ್ ಮೇಲೇ ಹೇಳಕ್ಕಾಗೋದು ಸಾರ್."

ರಿಪೇರಿ ಲೋಕದಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಎಸ್ಟಿಮೇಟ್ ಇದು. ಪ್ಲಂಬರ್ ಬಂದು ಜಿ.ಐ. ಪೈಪಿನ ತುಂಡು ಕತ್ತರಿಸಿ ತೋರಿಸಿದ: ಒಳಗೆಲ್ಲ ತುಕ್ಕು ಕಟ್ಟಿ, ನೀರು ಹರಿಯಲು ಪೆನ್ಸಿಲ್ ತೂರುವಷ್ಟು ಜಾಗ. "ಯಾರ್ ಸಾರ್ ಈ ಕೆಲ್ಸ ಮಾಡಿದ್ದು?" ಎಂದ. ಎಲೆಕ್ಟ್ರಿಷಿಯನ್ನೂ ಅದನ್ನೇ ಕೇಳಿದ. ಈ ಕಸುಬುಗಳಲ್ಲಿ ಹಿಂದೆ ಕೆಲಸ ಮಾಡಿದವನು ಯಾವತ್ತೂ ಕಡುಮೂರ್ಖ. ಆ ಹಿಂದಿನವನು ಒಮ್ಮೊಮ್ಮೆ ಇವನೇ ಆಗಿರುವುದೂ ಉಂಟು.

ಭಾವಮೈದುನ ಎದೆಗುಂದಲಿಲ್ಲ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇಕಡಾ 30ಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂದು ಅವನ ಆಡಿಟರ್ ಹೇಳಿದ್ದರು. ನಿಜವೇ. ಆದರೆ ಅದು ಸೂರು ಕುಸಿದರೂ 30, ಒಂದು ಮೊಳೆ ಹೊಡೆಯದಿದ್ದರೂ 30. ಇವನಿಗೆ ಬೀಳುವ ಖರ್ಚು ನೋಡಿದರೆ ಬಾಡಿಗೆ ಕೊಡುವವನು ಮೈಸೂರು ರಾಜಮನೆತನದವನೇ ಆಗಿರಬೇಕು.

ಕೊನೆಗೆ ಚೌಕಾಸಿಗೆ ಕೂತೆವು. ನಾನೂ ಸ್ವಲ್ಪ ಓದಿಕೊಂಡು ಹೋಗಿದ್ದೆ. ಸುಲಭಕ್ಕೆ ಕಣ್ಣಿಗೆ ಬೀಳದ ದೊಡ್ಡ ದೋಷ ತನಗೆ ಗೊತ್ತಿದ್ದರೆ ಮಾರುವವನು ಅದನ್ನು ಹೇಳಲೇಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ ಎಂದೆ. ತೊಲೆ, ಪೈಪು, ಪೊಳ್ಳು ಗೋಡೆ ಎಲ್ಲದರ ಪಟ್ಟಿ ಮುಂದಿಟ್ಟೆವು. ಮನೆಯ ಯಜಮಾನರು ಕನ್ನಡಕ ಹಾಕಿಕೊಂಡು ಸಾವಧಾನವಾಗಿ ಓದಿ ಮಡಿಸಿ ವಾಪಸು ಕೊಟ್ಟರು.

"ನಾನು ಕೇಳ್ತಿರೋದು ಸೈಟ್ ರೇಟ್. ಬಿಲ್ಡಿಂಗಿಗೆ ಒಂದು ಕಾಸೂ ಹಾಕಿಲ್ಲ. ಪುಕ್ಕಟೆ ಕೊಟ್ಟದ್ದು ಸೋರಿದರೆ ನಿಮಗೇನ್ರೀ ನಷ್ಟ?"

ಮೇಸ್ತ್ರಿಯೂ ಹೌದೆಂದು ತಲೆಯಾಡಿಸಿದ.