ಮೂಲದಾಗ ಹಂಗಿಲ್ರೀ!

ಇಂಡಿಯ ನಿಂಬೆಹಣ್ಣಿನ ಮಾರುಕಟ್ಟೆಯಿಂದ ಮುದ್ದೇಬಿಹಾಳದ ಬಸ್ ನಿಲ್ದಾಣದವರೆಗೆ ಎಲ್ಲಿ ಟೀವಿ ಹಚ್ಚಿದರೂ ಇವರು ಹಾಜರು. ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಟವೆಲ್, ಬಸಿಯಲ್ಲಿ ಆರಲು ಬಿಟ್ಟ ಚಾ. ಕನ್ನಡಕ್ಕೆ ಡಬ್ ಆದ ಮಹಾಭಾರತದಲ್ಲಿ ಭೀಷ್ಮರು ಬಾಯಿ ತೆರೆಯುವುದೇ ತಡ, ತೀರ್ಪು ಬರುತ್ತದೆ: ‘ಮೂಲದಾಗ ಹಂಗಿಲ್ರೀ!’ ಯಾವ ಮೂಲ ಎಂದು ಕೇಳುವ ಧೈರ್ಯ ಸಿಂದಗಿ, ಬಸವನ ಬಾಗೇವಾಡಿ ಸೇರಿ ನಾಲ್ಕೂ ತಾಲೂಕಿನಲ್ಲಿ ಯಾರಿಗೂ ಇಲ್ಲ.

ಓದದೆಯೇ ಮಾತಾಡುತ್ತಾರೆ ಎಂದು ಪುಸ್ತಕದ ಮಂದಿ ಮೂಗು ಮುರಿಯಬಹುದು. ಆ ಆಕ್ಷೇಪ ನಿಲ್ಲುವುದಿಲ್ಲ. ಶ್ರಾವಣದ ಪುರಾಣ, ಬೆಳತನಕ ನಡೆಯುವ ಶ್ರೀಕೃಷ್ಣ ಪಾರಿಜಾತ, ಬಯಲಾಟ ಇವುಗಳಿಂದ ಈ ಸೀಮೆಗೆ ಕಥೆ ಇಳಿದದ್ದೇ ಕಿವಿಯ ದಾರಿಯಲ್ಲಿ. ತಪ್ಪಿರುವುದು ಬೇರೆ ಕಡೆ: ತಾವು ಮೊದಲು ಕೇಳಿದ್ದೇ ಮೊದಲು ಹುಟ್ಟಿದ್ದು ಎಂದು ಇವರು ನಂಬಿದ್ದಾರೆ. ಮಯಸಭೆಯಲ್ಲಿ ದುರ್ಯೋಧನ ನೀರಿಗೆ ಬಿದ್ದಾಗ ದ್ರೌಪದಿ ‘ಕುರುಡನ ಮಗ ಕುರುಡ’ ಎನ್ನದಿದ್ದರೆ ಇವರಿಗೆ ಸಿಟ್ಟು. ವ್ಯಾಸರ ಸಭಾಪರ್ವದಲ್ಲಿ ಆಕೆ ಆ ಮಾತು ಆಡಿಯೇ ಇಲ್ಲ. ಇವರ ತಲೆಯಲ್ಲಿ ಅದನ್ನು ಗಟ್ಟಿ ಮಾಡಿದ್ದು 1988ರಲ್ಲಿ ಶುರುವಾದ ಬಿ.ಆರ್. ಚೋಪ್ರಾ ಧಾರಾವಾಹಿ. ಅಂದರೆ ವ್ಯಾಸರ ಹೆಸರು ಹೇಳಿ, ಹಳೆಯ ಟೀವಿಯ ಪರವಾಗಿ ಹೊಸ ಟೀವಿಗೆ ಬೈಗುಳ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟ ಪಂಪ ಇವರ ಕೈಗೆ ಸಿಕ್ಕಿದ್ದರೆ ‘ಮೂಲದಾಗ ಐದ್ ಮಂದಿರೀ’ ಎನ್ನುತ್ತಿದ್ದರು. ಹತ್ತು ಪರ್ವಕ್ಕೇ ನಿಲ್ಲಿಸಿದ ಕುಮಾರವ್ಯಾಸನಿಗೆ ‘ಉಳದ ಎಂಟು ಎಲ್ಲಿ ಹ್ವಾದ್ವು?’ ಹಾಗಾದರೆ ತೆರೆಯವರು ಏನು ಬೇಕಾದರೂ ಮಾಡಬಹುದೇ? ಅದೂ ಅಲ್ಲ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡ ಪಂಪ ಆ ದೊರೆಯ ಹೆಂಡತಿಯನ್ನು ಐವರಿಗೆ ಹಂಚುವುದು ಹೇಗೆ? ಅವನಿಗೊಂದು ಕಾರಣವಿತ್ತು. ಒಂದು ಬಾಣ ಬಿಟ್ಟದ್ದಕ್ಕೆ ಇಡೀ ಸಭೆಯ ಮುಖಗಳನ್ನು ಮೂರು ಮೂರು ಸಲ ತೋರಿಸುವುದಕ್ಕೆ ಕಂತು ಎಳೆಯುವುದರ ಹೊರತು ಕಾರಣ ಕಾಣದು. ಅಲ್ಲಿ ನಮ್ಮವರ ಸಿಟ್ಟು ನ್ಯಾಯವೇ.

ಚೀನಾದಲ್ಲೂ ಇವರ ಬೀಗರಿದ್ದಾರೆ. ‘ಪಶ್ಚಿಮ ಯಾತ್ರೆ’ ಒಬ್ಬ ಭಿಕ್ಷು ಮತ್ತು ಅವನ ಜೊತೆಗಾರ ಕೋತಿಯ ಕಥೆ ಹೇಳುವ 16ನೇ ಶತಮಾನದ ಕಾದಂಬರಿ. ಅಲ್ಲಿ ಬಹಳ ಮಂದಿಗೆ ಅದು 1986ರ 25 ಕಂತಿನ ಧಾರಾವಾಹಿ, ಹೊಸ ಸಿನಿಮಾದ ಕೋತಿಗೆಲ್ಲ ಆ ಹಳೆಯ ಕೋತಿಯೇ ಅಳತೆಗೋಲು. ಕಾದಂಬರಿಯಾದರೂ ಮೂಲವೇ? ಅದರಲ್ಲಿ ರಾಕ್ಷಸರನ್ನು ಕಂಡರೆ ನಡುಗುವ ಭಿಕ್ಷು ನಿಜದಲ್ಲಿ ಹ್ಯೂಯೆನ್ ತ್ಸಾಂಗ್. 7ನೇ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಇಲ್ಲಿನವರು ಅವಮಾನ ತಾಳರು, ಸೇಡಿಗೆ ಹೊರಟರೆ ವೈರಿಗೆ ಮೊದಲೇ ಹೇಳಿ ಕಳಿಸುತ್ತಾರೆ ಎಂದು ಬರೆದಿಟ್ಟ ಗಟ್ಟಿಗ. ಅವನ ಪ್ರವಾಸಕಥನದಲ್ಲಿ ಜೊತೆಗೆ ಮಂಗನಿಲ್ಲ. ಆ ಮಂಗನ ಬೇರು ಹನುಮಂತನಲ್ಲಿರಬಹುದು ಎಂದವರು ಚೀನಾದ ಪಂಡಿತ ಹು ಶಿ. ಅಲ್ಲಿನದೇ ಸಾಹಿತಿ ಲು ಷುನ್ ಅದನ್ನು ಒಪ್ಪಲಿಲ್ಲ. ನಮ್ಮವರಿಗೆ ಇಷ್ಟನ್ನೂ ಹೇಳಿ ನೋಡಿ, ಕೊನೆಯ ವಾಕ್ಯ ಅವರ ಕಿವಿಗೆ ಬೀಳುವುದೇ ಇಲ್ಲ: ‘ನೋಡ್ರಿ ಮತ್ತ, ಮೂಲ ನಮ್ಮ ಹನಮಪ್ಪಂದು. ಅವರು ಕೆಡಿಸ್ಯಾರ.’